ಒಂದೇ ಗೆರೆಯ ಮೇಲೆ ನಿಂತ ಕಾರು: 1961ರ ಲಿಂಕನ್ ಕಾಂಟಿನೆಂಟಲ್

ಎಲ್ಲರಿಗೂ ನಮಸ್ಕಾರ.

ಪರದೆಯ ಮೇಲೆ ಎರಡು ಚಿತ್ರಗಳಿವೆ. ಎಡಗಡೆಯದು 1959ರ ಕ್ಯಾಡಿಲಾಕ್. ಹಿಂಬದಿಯಲ್ಲಿ ಮೇಲಕ್ಕೆ ಚಾಚಿದ ರೆಕ್ಕೆಗಳು, ಒಂದೊಂದು ರೆಕ್ಕೆಗೂ ಬುಲೆಟ್ ಆಕಾರದ ಎರಡೆರಡು ಕೆಂಪು ದೀಪ, ಕಣ್ಣು ಹಾಯಿಸಿದಲ್ಲೆಲ್ಲ ಕ್ರೋಮ್. ಬಲಗಡೆಯದು 1961ರ ಲಿಂಕನ್ ಕಾಂಟಿನೆಂಟಲ್. ಇದನ್ನು ಬಿಡಿಸಲು ಪೆನ್ಸಿಲ್ ಹಿಡಿದವರಿಗೆ ಹೆಚ್ಚು ಕೆಲಸವಿಲ್ಲ. ಮುಂದಿನ ದೀಪದ ಮೇಲಿನಿಂದ ಹಿಂದಿನ ದೀಪದವರೆಗೆ ಒಂದು ಉದ್ದನೆಯ ಗೆರೆ, ಅದರ ಕೆಳಗೆ ಚಪ್ಪಟೆಯಾಗಿ ಕಾಣುವ ಪಕ್ಕೆ, ಮೇಲೆ ಸ್ವಲ್ಪ ಒಳಕ್ಕೆ ಸರಿದು ಕೂತ, ಸುತ್ತ ಗಾಜಿರುವ ಮಾಡು. ಅಷ್ಟೇ. ಎರಡೂ ಒಂದೇ ದೇಶದ, ಒಂದೇ ದರ್ಜೆಯ ದೊಡ್ಡ ಐಷಾರಾಮಿ ಕಾರುಗಳು. ನಡುವೆ ಇರುವ ಅಂತರ ಎರಡೇ ವರ್ಷ.

ಈ ಲಿಂಕನ್ ಬಗ್ಗೆ ಮಾತು ಬಂದಾಗಲೆಲ್ಲ "ಅಲಂಕಾರ ತೆಗೆದು ಸರಳ ಮಾಡಿದರು" ಎಂದು ಹೇಳಿ ಮುಗಿಸುವುದು ರೂಢಿ. ಅದು ಅರ್ಧ ಮಾತು. ಹೊರಗೆ ತೆಗೆದದ್ದರ ಲೆಕ್ಕವನ್ನು ಒಳಗೆ ತೀರಿಸಬೇಕಾಯಿತು. ಬಾಗಿಲಿನ ಕೀಲಿನಲ್ಲಿ, ಮೇಲ್ಛಾವಣಿಯ ಯಂತ್ರದಲ್ಲಿ, ಕಾರ್ಖಾನೆಯ ತಪಾಸಣೆಯಲ್ಲಿ, ಇವತ್ತಿಗೂ ಇದನ್ನು ರಿಪೇರಿ ಮಾಡುವವರ ಗ್ಯಾರೇಜಿನಲ್ಲಿ ಆ ಲೆಕ್ಕ ಕಾಣುತ್ತದೆ. ಅದನ್ನೇ ಇವತ್ತು ಬಿಡಿಸಿ ಹೇಳುತ್ತೇನೆ.

ಮೊದಲು ಹಿನ್ನೆಲೆ. 1958ರಲ್ಲಿ ಫೋರ್ಡ್ ಕಂಪನಿ ಹೊಸ ಲಿಂಕನ್ ಕಾರುಗಳನ್ನು ಮಿಷಿಗನ್ ರಾಜ್ಯದ ವಿಕ್ಸಂ ಎಂಬಲ್ಲಿ ಕಟ್ಟಿದ ಹೊಸ ಕಾರ್ಖಾನೆಯಿಂದ ಹೊರತಂದಿತು. ಅವುಗಳಿಗೆ ಪ್ರತ್ಯೇಕ ಚಾಸಿ ಇರಲಿಲ್ಲ, ಬಾಡಿಯೇ ಭಾರ ಹೊರುವ ರಚನೆ. ಉದ್ದ 229 ಇಂಚು, ಅಂದರೆ 5.8 ಮೀಟರ್. ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ 131 ಇಂಚು. ಓರೆಯಾಗಿ ಕೂರಿಸಿದ ಜೋಡಿ ದೀಪಗಳು, ಪಕ್ಕೆಯಲ್ಲಿ ಕೆತ್ತಿದಂತೆ ಕಾಣುವ ಗುಳಿಗಳು. ಅದೇ ವರ್ಷ ಅಮೆರಿಕದಲ್ಲಿ ಆರ್ಥಿಕ ಹಿಂಜರಿತವೂ ಬಂತು. ಕಾರು ಓಡಲಿಲ್ಲ. ಮೂರು ವರ್ಷ ಕಳೆಯುವಷ್ಟರಲ್ಲಿ ನಷ್ಟ ಎಷ್ಟಾಗಿತ್ತೆಂದರೆ, ಲೆಕ್ಕಾಚಾರದ ಮನುಷ್ಯ ಎಂದೇ ಹೆಸರಾಗಿದ್ದ ಫೋರ್ಡ್ ಕಂಪನಿಯ ಹಿರಿಯ ಅಧಿಕಾರಿ ರಾಬರ್ಟ್ ಮೆಕ್ನಮಾರಾ ಲಿಂಕನ್ ಹೆಸರನ್ನೇ ಮುಚ್ಚಿಬಿಡುವ ಯೋಚನೆಯಲ್ಲಿದ್ದರು. ಮುಂದೆ ಇವರೇ ಅಮೆರಿಕದ ರಕ್ಷಣಾ ಕಾರ್ಯದರ್ಶಿಯಾದವರು.

ಆ ಹೊತ್ತಿಗೆ ವಿನ್ಯಾಸ ವಿಭಾಗದಲ್ಲಿ ನಡೆಯುತ್ತಿದ್ದದ್ದು ಬೇರೆಯೇ ಕಾರಿನ ರೂಪದ ಸ್ಪರ್ಧೆ, ಫೋರ್ಡ್ ಕಂಪನಿಯದೇ ಆದ 1961ರ ಥಂಡರ್‌ಬರ್ಡ್‌ನದು. ಜೋ ಓರೋಸ್ ಅವರ ತಂಡ ಒಂದು ರೂಪ ಮಾಡಿತ್ತು. ಎಲ್ವುಡ್ ಎಂಗೆಲ್ ಅವರ ತಂಡ ನೆಲಮಾಳಿಗೆಯ ಇಕ್ಕಟ್ಟಾದ ಒಂದು ಕೋಣೆಯಲ್ಲಿ ಮತ್ತೊಂದು ರೂಪವನ್ನು ಜೇಡಿಮಣ್ಣಿನಲ್ಲಿ ತಿದ್ದಿತ್ತು. ಥಂಡರ್‌ಬರ್ಡ್ ಆಗಿ ಆಯ್ಕೆಯಾದದ್ದು ಓರೋಸ್ ಅವರದು. ಎಂಗೆಲ್ ಅವರ ಮಾದರಿಯನ್ನು ನೋಡಿದ ಮೆಕ್ನಮಾರಾ, ಇದನ್ನು ನಾಲ್ಕು ಬಾಗಿಲಿನ ಲಿಂಕನ್ ಮಾಡಲು ಆಗುತ್ತದೆಯೇ ಎಂದು ಕೇಳಿದರು. ಎರಡು ಬಾಗಿಲಿನ ಕಾರಿಗೆಂದು ಬರೆದ ಗೆರೆಯನ್ನೇ ಹಿಗ್ಗಿಸಿ ನಾಲ್ಕು ಬಾಗಿಲಿಗೆ ಹೊಂದಿಸಿದರು. ಈ ಕಾರಿನ ಗುಣಗಳೂ ತೊಡಕುಗಳೂ ಬಹುಪಾಲು ಈ ಒಂದು ನಿರ್ಧಾರದಿಂದಲೇ ಹುಟ್ಟಿದವು. ಹಾಗಾಗಿ ಇದನ್ನು ನೆನಪಿನಲ್ಲಿಡಿ.

ಇಂಥ ಸರಳ ಪಕ್ಕೆ ಲಿಂಕನ್‌ಗೆ ಹೊಸದೇನೂ ಅಲ್ಲ. 1939ರಲ್ಲಿ ಕಂಪನಿಯ ಆಗಿನ ಅಧ್ಯಕ್ಷ ಎಡ್ಸೆಲ್ ಫೋರ್ಡ್ ಅವರಿಗಾಗಿ ಬಾಬ್ ಗ್ರೆಗರಿ ರೂಪಿಸಿದ ಮೊದಲ ಕಾಂಟಿನೆಂಟಲ್‌ನಲ್ಲೂ, 1956ರ ಮಾರ್ಕ್ 2ರಲ್ಲೂ ಅದೇ ಸಂಯಮ ಇತ್ತು. ಮಾರ್ಕ್ 2ರ ಬೆಲೆ ಹತ್ತು ಸಾವಿರ ಡಾಲರ್ ಹತ್ತಿರ. ಕೈಕೆಲಸ ಹೆಚ್ಚಿದ್ದ ಆ ಕಾರು ಮೂರು ಸಾವಿರದಷ್ಟು ಮಾತ್ರ ತಯಾರಾಯಿತು. 1961ರ ಕಾಂಟಿನೆಂಟಲ್ ಅದೇ ಬಗೆಯ ಮೇಲ್ಮೈಯನ್ನು ಕಾರ್ಖಾನೆಯ ಸಾಲಿನಲ್ಲಿ, 6,067 ಡಾಲರ್ ಬೆಲೆಯಲ್ಲಿ ಕೊಡಬೇಕಿತ್ತು.

ಈಗ ಅಳತೆಗೆ ಬರೋಣ. 1960ರ ಲಿಂಕನ್ ಉದ್ದ 227.2 ಇಂಚು. 1961ರದ್ದು 212.4 ಇಂಚು. ಒಂದೇ ವರ್ಷದಲ್ಲಿ ಸುಮಾರು 38 ಸೆಂಟಿಮೀಟರ್ ಕಡಿತ. ಚಕ್ರಗಳ ಅಂತರ 131ರಿಂದ 123 ಇಂಚಿಗೆ ಇಳಿಯಿತು. ಅಗಲ 78.6 ಇಂಚು, ಅಂದರೆ ಎರಡು ಮೀಟರ್. ಎತ್ತರ 53.5 ಇಂಚು. ಉದ್ದವೇ ಅಂತಸ್ತು ಎಂದು ನಂಬಿದ್ದ ಮಾರುಕಟ್ಟೆಯಲ್ಲಿ ಇಷ್ಟು ಕತ್ತರಿಸಿಯೂ ಕಾರು ಚಿಕ್ಕದಾಗಿ ಕಾಣಲಿಲ್ಲ. ಯಾಕೆ?

ಪಕ್ಕದಿಂದ ತೆಗೆದ ಈ ಚಿತ್ರದಲ್ಲಿ ಮಡ್‌ಗಾರ್ಡ್‌ನ ಮೇಲಂಚನ್ನು ಗಮನಿಸಿ. ಮುಂದಿನ ಮಡ್‌ಗಾರ್ಡ್, ಎರಡು ಬಾಗಿಲು, ಹಿಂದಿನ ಪಕ್ಕೆ ಹೀಗೆ ನಾಲ್ಕು ಬೇರೆಬೇರೆ ತಗಡುಗಳ ಮೇಲೆ ಒಂದೇ ಅಂಚು ಎಲ್ಲೂ ಮುರಿಯದೆ ಸಾಗುತ್ತದೆ. ಅದರ ತುದಿಗೆ ಹೊಳಪಿನ ತೆಳ್ಳನೆಯ ಲೋಹದ ಪಟ್ಟಿ. ಕಣ್ಣು ಆ ಪಟ್ಟಿಯನ್ನು ಹಿಡಿದು ಒಂದೇ ಉಸಿರಿಗೆ ಈ ತುದಿಯಿಂದ ಆ ತುದಿಗೆ ಓಡುತ್ತದೆ. ನಡುವೆ ತಡೆಯುವ ಗುಳಿ, ಉಬ್ಬು, ಬಣ್ಣದ ಪಟ್ಟೆ ಯಾವುದೂ ಇಲ್ಲ. ಇದ್ದ ಉದ್ದವೆಲ್ಲ ಪೂರ್ತಿ ಲೆಕ್ಕಕ್ಕೆ ಸಿಗುವುದು ಇದರಿಂದ.

ಈಗ ಮುಂದಿನಿಂದ ನೋಡಿ. ಪಕ್ಕದ ಗಾಜು ನೆಟ್ಟಗಿಲ್ಲ, ಮೇಲೆ ಹೋಗುತ್ತ ಒಳಕ್ಕೆ ಬಾಗಿದೆ. ಬಾಗಿದ ಪಕ್ಕದ ಗಾಜು ಆಗಿನ ಕಾಲಕ್ಕೆ ದುಬಾರಿ ವಸ್ತು. ಅದರಿಂದಾಗಿ ಮೇಲಿನ ಮಾಡು ಕೆಳಗಿನ ದೇಹಕ್ಕಿಂತ ಕಿರಿದಾಗಿ, ಆ ಹೊಳೆಯುವ ಅಂಚಿನ ಪಕ್ಕದಲ್ಲಿ ಒಂದು ಚಪ್ಪಟೆ ಭುಜ ಉಳಿಯುತ್ತದೆ. ಭುಜದ ಮೇಲೆ ಬೆಳಕು, ಅಂಚಿನ ಕೆಳಗೆ ನೆರಳು. ಕ್ರೋಮ್ ಮಾಡಬೇಕಾದ ಕೆಲಸವನ್ನು ಇಲ್ಲಿ ಬೆಳಕೇ ಮಾಡುತ್ತದೆ.

ಪಕ್ಕೆ ಚಪ್ಪಟೆ ಎಂದೆ. ನಿಜಕ್ಕೂ ಚಪ್ಪಟೆಯಲ್ಲ, ತುಸು ಉಬ್ಬು ಇದೆ. ಪೂರ್ತಿ ಚಪ್ಪಟೆ ತಗಡು ಕಣ್ಣಿಗೆ ಒಳಕ್ಕೆ ಕುಸಿದಂತೆ ಕಾಣುತ್ತದೆ, ಬೆರಳಿನಿಂದ ಒತ್ತಿದರೆ ಡಬ್ಬದ ಮುಚ್ಚಳದ ಹಾಗೆ ಟಕ್ಕೆಂದು ಒಳಹೊರಗೆ ಆಡುತ್ತದೆ. ಹಾಗಾಗಿ ಕಂಡೂ ಕಾಣದಷ್ಟು ಉಬ್ಬು ಕೊಟ್ಟಿದ್ದಾರೆ. ಈ ಉಬ್ಬಿನ ವಿಷಯವನ್ನು ಪೇಂಟಿನ ಮಾತು ಬಂದಾಗ ಮತ್ತೆ ಎತ್ತುತ್ತೇನೆ.

ಬಾಗಿಲು. ಈ ಕಾರನ್ನು ಕಂಡವರೆಲ್ಲ ಮೊದಲು ಕೇಳುವುದೇ ಇದರ ಬಗ್ಗೆ. ಮುಂದಿನ ಬಾಗಿಲು ಎಲ್ಲ ಕಾರಿನಂತೆ ಮುಂಬದಿಗೆ ಕೀಲಿರುವುದು. ಹಿಂದಿನ ಬಾಗಿಲಿನ ಕೀಲು ಹಿಂಬದಿಗೆ. ಎರಡೂ ತೆರೆದರೆ ಬೀರುವಿನ ಬಾಗಿಲಿನಂತೆ ನಡುವಿನಿಂದ ಎರಡು ಕಡೆಗೆ ಬಿಚ್ಚಿಕೊಳ್ಳುತ್ತವೆ. ಶೋಕಿಗಾಗಿ ಹೀಗೆ ಮಾಡಿದರು ಎಂದು ಹಲವರ ನಂಬಿಕೆ. ಆದರೆ ಮೂಲ ಕಾರಣ ಆ 123 ಇಂಚು. ಚಕ್ರಗಳ ಅಂತರ ಕಡಿಮೆಯಾದಾಗ ಹಿಂದಿನ ಸೀಟು ಹಿಂದಿನ ಚಕ್ರದ ಕಮಾನಿಗೆ ಹತ್ತಿರವಾಯಿತು, ಬಾಗಿಲಿನ ತೆರವು ಕಿರಿದಾಯಿತು. ಮಾದರಿಯಲ್ಲಿ ಕೂತು ಇಳಿದು ನೋಡಿದ ಎಂಜಿನಿಯರುಗಳ ಪಾದ ಬಾಗಿಲಿಗೆ ತಗಲುತ್ತಿತ್ತು. ಇಳಿಯುವಾಗ ಪಾದ ಮೊದಲು ಬರುವುದು ತೆರವಿನ ಮುಂಭಾಗಕ್ಕೆ. ಕೀಲು ಅಲ್ಲೇ ಇದ್ದರೆ ಬಾಗಿಲೂ ಅಲ್ಲೇ ಅಡ್ಡ ನಿಂತಿರುತ್ತದೆ. ಕೀಲನ್ನು ಹಿಂದಕ್ಕೆ ಒಯ್ದರೆ ಮುಂಭಾಗ ಖಾಲಿ. ಉದ್ದ ಹೆಚ್ಚಿಸದೆ ತೊಡಕು ಬಿಡಿಸಿದ ದಾರಿ ಇದು.

ಇದಕ್ಕೂ ಬೆಲೆ ತೆರಬೇಕಿತ್ತು. ಹಿಂಬದಿಗೆ ಕೀಲಿರುವ ಬಾಗಿಲು ಓಡುವಾಗ ಬಿಚ್ಚಿಕೊಂಡರೆ ಗಾಳಿ ಅದನ್ನು ಮುಚ್ಚುವ ಬದಲು ಇನ್ನಷ್ಟು ಎಳೆದು ತೆರೆಯುತ್ತದೆ. ಅದಕ್ಕೇ ಇಂಥ ಬಾಗಿಲುಗಳಿಗೆ ಸುಯಿಸೈಡ್ ಡೋರ್, ಅಂದರೆ ಆತ್ಮಹತ್ಯೆಯ ಬಾಗಿಲು, ಎಂಬ ಕೆಟ್ಟ ಹೆಸರು. ಲಿಂಕನ್‌ನವರು ಡ್ಯಾಶ್‌ಬೋರ್ಡಿನಲ್ಲಿ ಬಾಗಿಲು ಸರಿಯಾಗಿ ಹಾಕಿಲ್ಲ ಎಂದು ಎಚ್ಚರಿಸುವ ದೀಪ ಇಟ್ಟರು, ಎಂಜಿನ್ನಿನ ನಿರ್ವಾತದಿಂದ ಕೆಲಸ ಮಾಡುವ ಬಾಗಿಲ ಬೀಗಗಳನ್ನು ಅಳವಡಿಸಿದರು. ಎರಡು ಬಾಗಿಲುಗಳ ಚಿಲಕವೂ ನಡುವಿನ ಒಂದೇ ಸಣ್ಣ ಕಂಬಕ್ಕೆ ಬೀಳುವುದರಿಂದ ಆ ಕಂಬ ಒಂದಿಷ್ಟು ವಾಲಿದರೂ ಎರಡೂ ಬಾಗಿಲು ತಕರಾರು ಮಾಡುತ್ತವೆ.

ಮೇಲ್ಛಾವಣಿ ಮಡಚುವ ಕಾರಿನಲ್ಲಿ, ಅಂದರೆ ಕನ್ವರ್ಟಿಬಲ್‌ನಲ್ಲಿ, ಇನ್ನೊಂದು ಸೂಕ್ಷ್ಮ ಇದೆ. ಮುಂದಿನ ಗಾಜು ಮತ್ತು ಹಿಂದಿನ ಗಾಜು ಅಂಚಿಗೆ ಅಂಚು ಸೇರುವಲ್ಲಿ ಕಂಬವೇ ಇಲ್ಲ. ಏರಿಸಿದ ಗಾಜಿನೊಂದಿಗೆ ಹಿಂದಿನ ಬಾಗಿಲು ತೆರೆದರೆ ಗಾಜುಗಳು ಉಜ್ಜಿಕೊಳ್ಳುತ್ತವೆ. ಹಾಗಾಗಿ ಹಿಂದಿನ ಬಾಗಿಲು ತೆರೆಯುತ್ತಿದ್ದಂತೆ ಅದರ ಗಾಜು ತಾನಾಗಿ ಕೆಲವು ಇಂಚು ಕೆಳಗಿಳಿಯುತ್ತದೆ. ಆ ಗಾಜಿನ ಮೋಟಾರ್ ಕೆಟ್ಟಿದ್ದರೆ ಬಾಗಿಲನ್ನು ಜೋರಾಗಿ ಎಳೆಯಬೇಡಿ. ಮೊದಲು ಮುಂದಿನ ಬಾಗಿಲು ತೆರೆದು ಆಮೇಲೆ ಹಿಂದಿನದನ್ನು ತೆರೆಯಿರಿ.

1961ರಲ್ಲಿ ನಾಲ್ಕು ಬಾಗಿಲಿನ ಕನ್ವರ್ಟಿಬಲ್ ಅಮೆರಿಕದ ಬೇರೆ ಯಾವ ಕಂಪನಿಯಲ್ಲೂ ಇರಲಿಲ್ಲ. ಅದಕ್ಕೆ ಹಿಂದೆ ಇದ್ದದ್ದು 1951ರ ಫ್ರೇಜರ್. ಲಿಂಕನ್ನಿನ ಛಾವಣಿಯ ಯಂತ್ರ ಬಂದದ್ದು ಫೋರ್ಡ್‌ನದೇ ಸ್ಕೈಲೈನರ್‌ನಿಂದ. 1957ರಿಂದ 1959ರವರೆಗೆ ತಯಾರಾದ ಆ ಕಾರಿನಲ್ಲಿ ಲೋಹದ ಛಾವಣಿಯೇ ಡಿಕ್ಕಿಯೊಳಗೆ ಇಳಿಯುತ್ತಿತ್ತು. ಸಾಮಾನ್ಯ ಕನ್ವರ್ಟಿಬಲ್‌ಗಳಲ್ಲಿ ಮಡಚಿದ ಬಟ್ಟೆ ಹಿಂದಿನ ಸೀಟಿನ ಹಿಂದೆ ಗಂಟುಮೂಟೆಯಾಗಿ ಕೂರುತ್ತದೆ, ಮೇಲೊಂದು ಹೊದಿಕೆ ಬಿಗಿಯಬೇಕು. ಎಂಗೆಲ್ ಅವರ ಗೆರೆಗೆ ಆ ಗಂಟು ಒಪ್ಪುವುದಿಲ್ಲ. ಹಾಗಾಗಿ ಇಡೀ ಛಾವಣಿ ಡಿಕ್ಕಿಯೊಳಗೆ ಮಾಯವಾಗಬೇಕು, ಮೇಲೆ ತಗಡು ಮುಚ್ಚಿಕೊಳ್ಳಬೇಕು, ಹಿಂಬದಿ ಮೇಜಿನಂತೆ ಸಪಾಟಾಗಿ ಉಳಿಯಬೇಕು.

ಅದು ನಡೆಯುವ ಕ್ರಮ ಹೀಗೆ. ಚಾಲಕ ಡ್ಯಾಶ್‌ಬೋರ್ಡಿನ ಸ್ವಿಚ್ಚನ್ನು ಹಿಡಿದೇ ಇರುತ್ತಾನೆ. ಡಿಕ್ಕಿಯ ಮುಚ್ಚಳವನ್ನು ಬಿಗಿದಿರುವ ತಿರುಪುಗಳನ್ನು ಎಲೆಕ್ಟ್ರಿಕ್ ಮೋಟಾರ್ ಬಿಚ್ಚುತ್ತದೆ. ಹೈಡ್ರಾಲಿಕ್ ಸಿಲಿಂಡರುಗಳು ಆ ದೊಡ್ಡ ಮುಚ್ಚಳವನ್ನು ಎತ್ತುತ್ತವೆ. ಮುಚ್ಚಳದ ಕೀಲು ಹಿಂಬದಿಗಿದೆ, ಬಾಯಿ ತೆರೆಯುವುದು ಸೀಟಿನ ಕಡೆಗೆ. ಸೀಟಿನ ಹಿಂದಿನ ಅಡ್ಡ ಫಲಕ ದಾರಿ ಬಿಡುತ್ತದೆ. ಮುಂದಿನ ಗಾಜಿನ ಚೌಕಟ್ಟಿಗೆ ಬಿಗಿದಿರುವ ಛಾವಣಿಯ ತಿರುಪುಗಳು ಬಿಚ್ಚಿಕೊಳ್ಳುತ್ತವೆ. ಬೇರೆ ಸಿಲಿಂಡರುಗಳು ಛಾವಣಿಯನ್ನು ಎತ್ತಿ, ಮಡಚಿ, ಡಿಕ್ಕಿಯೊಳಗೆ ಇಳಿಸುತ್ತವೆ. ಫಲಕ ತನ್ನ ಜಾಗಕ್ಕೆ ಬರುತ್ತದೆ, ಮುಚ್ಚಳ ಇಳಿಯುತ್ತದೆ, ತಿರುಪುಗಳು ಮತ್ತೆ ಬಿಗಿಯುತ್ತವೆ. ಒಂದು ಹಂತ ಮುಗಿಯಿತೆಂದು ಮುಂದಿನ ಹಂತಕ್ಕೆ ತಿಳಿಸುವುದು ಲಿಮಿಟ್ ಸ್ವಿಚ್ಚುಗಳು. ಅವು ರಿಲೇಗಳಿಗೆ, ಅಂದರೆ ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಾಯಿಸುವ ಸ್ವಿಚ್ಚುಗಳಿಗೆ, ವಿದ್ಯುತ್ ಕೊಡುತ್ತವೆ, ರಿಲೇಗಳು ಮೋಟಾರುಗಳನ್ನು ಓಡಿಸುತ್ತವೆ. ಕಂಪ್ಯೂಟರ್ ಎಂಬುದಿಲ್ಲ, ಸ್ವಿಚ್ಚುಗಳ ಸರಪಳಿಯೇ ಇಲ್ಲಿ ಬುದ್ಧಿ.

ಸರಪಳಿಯ ಒಂದು ಕೊಂಡಿ ತಪ್ಪಿದರೆ ಛಾವಣಿ ಅರ್ಧಕ್ಕೇ ನಿಂತುಬಿಡುತ್ತದೆ. ಆಗ ಹುಡುಕುವ ಕ್ರಮವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಈ ಕಾರುಗಳಿಗೆ ಹೆಚ್ಚು ಹಾನಿ ಆಗಿರುವುದು ಕೆಟ್ಟುಹೋದದ್ದರಿಂದಲ್ಲ, ಅವಸರದ ರಿಪೇರಿಯಿಂದ.

ಎಂಜಿನ್ ಓಡುತ್ತಿರಲಿ. ಈ ಮೋಟಾರುಗಳೂ ಪಂಪೂ ಸೇರಿ ಬಹಳ ಕರೆಂಟ್ ಎಳೆಯುತ್ತವೆ. ಬ್ಯಾಟರಿಯೊಂದನ್ನೇ ನಂಬಿದರೆ ವೋಲ್ಟೇಜ್ ಬಿದ್ದು ರಿಲೇಗಳು ಪೂರ್ತಿ ಹಿಡಿಯದೆ ಪಟಪಟ ಎನ್ನುತ್ತವೆ. ಆಮೇಲೆ ಅರ್ಥಿಂಗ್ ನೋಡಿ. ಡಿಕ್ಕಿಯ ತಳ ತುಕ್ಕು ಹಿಡಿಯುವ ಜಾಗ, ಅಲ್ಲಿ ತಿರುಪಿನಡಿ ಬಿಗಿದ ಅರ್ಥ್ ತಂತಿ ಸಡಿಲವಾಗಿರುವುದು ಸರ್ವೇಸಾಮಾನ್ಯ. ಬಿಚ್ಚಿ, ತಗಡು ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿಯಿರಿ. ಇಷ್ಟರಲ್ಲೇ ಎಷ್ಟೋ ಕಾರುಗಳು ಸರಿಹೋಗುತ್ತವೆ.

ಆಗಲೂ ನಿಂತರೆ, ಯಾವ ಹಂತದಲ್ಲಿ ನಿಂತಿತೆಂದು ನೋಡಿ, ಕಿವಿಗೊಡಿ. ಪಂಪ್ ಗುಂಯ್‌ಗುಟ್ಟುತ್ತಿದೆ, ಏನೂ ಅಲುಗುತ್ತಿಲ್ಲ ಎಂದರೆ ತೊಂದರೆ ದ್ರವದ ಕಡೆಗೆ: ಮಟ್ಟ ಇಳಿದಿರಬೇಕು, ಕೊಳವೆ ಸೋರುತ್ತಿರಬೇಕು, ಇಲ್ಲವೇ ಒಳಗೆ ಗಾಳಿ ಸೇರಿರಬೇಕು. ಕೈಪಿಡಿ ಹೇಳಿದ ದ್ರವವನ್ನೇ ಹಾಕಿ. ಖನಿಜ ತೈಲ ಇರುವ ಕಡೆ ಬ್ರೇಕ್ ಆಯಿಲ್ ಬೆರೆಸಿದರೆ ಸೀಲುಗಳು ಹಾಳಾಗಿ ಸಿಲಿಂಡರುಗಳೆಲ್ಲ ಸೋರತೊಡಗುತ್ತವೆ. ಪೂರ್ತಿ ಮೌನ ಎಂದರೆ ತೊಂದರೆ ವಿದ್ಯುತ್ತಿನ ಕಡೆಗೆ. ಟೆಸ್ಟ್ ಲ್ಯಾಂಪ್ ಹಿಡಿದು, ಮುಗಿದ ಹಂತದ ಲಿಮಿಟ್ ಸ್ವಿಚ್ಚಿನಿಂದ ಮುಂದಿನ ರಿಲೇಗೆ ಕರೆಂಟ್ ಬರುತ್ತಿದೆಯೇ ಪರೀಕ್ಷಿಸಿ. ಬರುತ್ತಿಲ್ಲವಾದರೆ ಸ್ವಿಚ್ಚೇ ಕೆಟ್ಟಿದೆ ಎಂದು ತೀರ್ಮಾನಿಸಬೇಡಿ. ಬಹಳ ಸಲ ಸ್ವಿಚ್ಚನ್ನು ಹಿಡಿದಿರುವ ಪಟ್ಟಿ ಬಾಗಿ, ಒತ್ತುವ ತುಂಡು ಅದನ್ನು ಮುಟ್ಟುತ್ತಲೇ ಇರುವುದಿಲ್ಲ. ಕೈಯಿಂದ ಒತ್ತಿದಾಗ ಹಂತ ಮುಂದುವರಿದರೆ ಸ್ವಿಚ್ ಚೆನ್ನಾಗಿದೆ, ಜಾಗ ಸರಿಪಡಿಸಿದರೆ ಸಾಕು.

ರಿಲೇಯನ್ನು ತಂತಿ ತುಂಡಿನಿಂದ ನೇರ ಮಾಡಿ ಮೋಟಾರ್ ಓಡಿಸುವ ಕೆಲಸ ಮಾತ್ರ ಬೇಡವೇ ಬೇಡ. ಹಾಗೆ ಮಾಡಿದಾಗ ಸರಪಳಿಯ ಕಾವಲು ತಪ್ಪುತ್ತದೆ. ಮುಚ್ಚಳ ಪೂರ್ತಿ ತೆರೆಯುವ ಮೊದಲೇ ಛಾವಣಿ ಇಳಿದು ಅದಕ್ಕೆ ಬಡಿಯಬಹುದು. ಬಾಗಿದ ಛಾವಣಿಯ ಚೌಕಟ್ಟನ್ನು ಮತ್ತೆ ಮೊದಲಿನ ಆಕಾರಕ್ಕೆ ತರುವುದು ತೀರಾ ಕಷ್ಟ.

ಇನ್ನೊಂದು ಜಾಗ, ಮೋಟಾರಿನಿಂದ ಎರಡೂ ಬದಿಯ ತಿರುಪುಗಳಿಗೆ ಹೋಗುವ ಬಳುಕುವ ಕೇಬಲ್ಲುಗಳು. ಒಂದು ಬದಿಯದು ತುಂಡಾದರೆ ಮುಚ್ಚಳದ ಒಂದು ಮೂಲೆ ಬಿಚ್ಚಿಕೊಳ್ಳುತ್ತದೆ, ಇನ್ನೊಂದು ಹಿಡಿದುಕೊಂಡೇ ಇರುತ್ತದೆ. ಅಷ್ಟರಲ್ಲಿ ಸಿಲಿಂಡರ್ ಎತ್ತಲು ಹೊರಟರೆ ಮುಚ್ಚಳ ತಿರುಚಿಕೊಳ್ಳುತ್ತದೆ. ಮೂಲೆಗಳು ಸಮನಾಗಿ ಏಳುತ್ತಿಲ್ಲ ಎಂದು ಕಂಡ ಕ್ಷಣವೇ ಸ್ವಿಚ್ ಬಿಡಿ. ಹೊಸ ಬಟ್ಟೆ ಹೊದಿಸಿದ ಛಾವಣಿಯ ತಿರುಪುಗಳು ಮುಂದಿನ ಚೌಕಟ್ಟಿಗೆ ನಿಲುಕದಿರುವುದೂ ಉಂಟು. ಬಟ್ಟೆ ಇನ್ನೂ ಬಿಗಿ ಇರುತ್ತದೆ. ಏರಿಸಿ ಬಿಗಿದ ಸ್ಥಿತಿಯಲ್ಲೇ ಕೆಲವು ದಿನ ಬಿಸಿಲಿನಲ್ಲಿ ನಿಲ್ಲಿಸಿದರೆ ಹದಕ್ಕೆ ಬರುತ್ತದೆ. ಅದಕ್ಕೆ ಮುಂಚೆ ಲಿಮಿಟ್ ಸ್ವಿಚ್ ತಿರುಗಿಸಲು ಹೋಗಬೇಡಿ.

ಛಾವಣಿ ಇಳಿಸಿದಾಗ ಡಿಕ್ಕಿಯಲ್ಲಿ ಸಾಮಾನು ಇಡಲು ಜಾಗ ಉಳಿಯುವುದೇ ಇಲ್ಲ ಎನ್ನಬೇಕು. ಗೆರೆಯೊಂದನ್ನು ಕಾಪಾಡಲು ಇಷ್ಟೆಲ್ಲ ಬೇಕಿತ್ತೇ ಎಂದು ಕೇಳುವವರಿದ್ದಾರೆ. ಛಾವಣಿ ಇಳಿಸಿದ ಈ ಕಾರನ್ನು ಪಕ್ಕದಿಂದ ನೋಡಿದ ಮೇಲೆ ನನಗಂತೂ ಬೇಕಿತ್ತು ಎಂದೇ ಅನ್ನಿಸುತ್ತದೆ.

ಮಾಡು ಇಲ್ಲದ ಬಾಡಿ ತಿರುಚಿಕೊಳ್ಳದಂತೆ ಕನ್ವರ್ಟಿಬಲ್‌ನ ತಳಕ್ಕೆ ಹೆಚ್ಚುವರಿ ಉಕ್ಕು ಸೇರಿಸಿದರು. ಸೆಡಾನ್ ತೂಕ 4,927 ಪೌಂಡ್ ಇದ್ದರೆ ಕನ್ವರ್ಟಿಬಲ್ 5,215 ಪೌಂಡ್, ಅಂದರೆ 2,365 ಕಿಲೋ. ಸಾಲದ್ದಕ್ಕೆ ಕಾರಿನ ಮೂಲೆಗಳಲ್ಲಿ ಸ್ಪ್ರಿಂಗಿಗೆ ತೂಗುಬಿಟ್ಟ ಭಾರದ ತುಂಡುಗಳಿವೆ. ರಸ್ತೆಯ ಕುಲುಕಾಟಕ್ಕೆ ಬಾಡಿ ನಡುಗತೊಡಗಿದಾಗ ಅವು ಎದುರು ದಿಕ್ಕಿಗೆ ಆಡಿ ನಡುಕವನ್ನು ನುಂಗುತ್ತವೆ. ಏನೋ ಬೇಡದ ಭಾರ ಎಂದುಕೊಂಡು ಇವನ್ನು ಕಿತ್ತುಹಾಕಿದ ಕಾರುಗಳಿವೆ. ಆ ಮೇಲೆ ಮುಂದಿನ ಗಾಜಿನ ಚೌಕಟ್ಟು ಯಾಕೆ ಅದುರುತ್ತಿದೆ ಎಂದು ಹುಡುಕುತ್ತಾರೆ.

ವೈಪರುಗಳ ಬಗ್ಗೆ ಒಂದು ಮಾತು. ಈ ಕಾರಿನ ವೈಪರ್ ಓಡುವುದು ವಿದ್ಯುತ್ತಿನಿಂದಲ್ಲ, ಪವರ್ ಸ್ಟೇರಿಂಗ್ ಪಂಪಿನ ದ್ರವದ ಒತ್ತಡದಿಂದ. ಸದ್ದಿಲ್ಲದೆ ನಡೆಯುತ್ತದೆ, ವೇಗವನ್ನು ಬೇಕಾದಷ್ಟೇ ಹೊಂದಿಸಬಹುದು. ವೈಪರ್ ತೆವಳುತ್ತಿದೆ ಎಂದರೆ ಮೊದಲು ನೋಡಬೇಕಾದದ್ದು ಫ್ಯೂಸ್ ಅಲ್ಲ, ಸ್ಟೇರಿಂಗ್ ದ್ರವದ ಮಟ್ಟ.

ಎಂಜಿನ್ 430 ಘನ ಇಂಚಿನ ವಿ8, ಅಂದರೆ 7 ಲೀಟರ್. 1961ರಲ್ಲಿ 300 ಅಶ್ವಶಕ್ತಿ, 1963ರಲ್ಲಿ ನಾಲ್ಕು ಬಾಯಿಯ ಕಾರ್ಬ್ಯುರೇಟರ್ ಬಂದು 320. ಎಂಜಿನ್ನಿಗಿಂತ ಹೇಳಬೇಕಾದದ್ದು ಅದರ ತಪಾಸಣೆಯನ್ನು. ಪ್ರತಿಯೊಂದು ಎಂಜಿನ್ನನ್ನೂ 3,500 ಸುತ್ತುಗಳ ವೇಗದಲ್ಲಿ ಮೂರು ಗಂಟೆ ಓಡಿಸಿ, ಬಿಚ್ಚಿ ನೋಡಿ, ಮತ್ತೆ ಜೋಡಿಸುತ್ತಿದ್ದರು. ಪ್ರತಿಯೊಂದು ಕಾರೂ 12 ಮೈಲಿ ರಸ್ತೆಯಲ್ಲಿ ಓಡಿ, 189 ಅಂಶಗಳ ಪಟ್ಟಿಯಲ್ಲಿ ಪಾಸಾಗಬೇಕಿತ್ತು. ಎರಡು ವರ್ಷ ಅಥವಾ 24,000 ಮೈಲಿಗಳ ವಾರಂಟಿ ಕೊಟ್ಟರು. ಆ ಕಾಲದ ಅಮೆರಿಕದಲ್ಲಿ ಇದು ದೊಡ್ಡ ಭರವಸೆ. ಈ ಕಟ್ಟುನಿಟ್ಟು ರೂಪದೊಂದಿಗೇ ಬಂದ ಅಗತ್ಯ ಎಂದು ನನ್ನ ಅನಿಸಿಕೆ. ಮೈತುಂಬ ಬುಟ್ಟಾ ಇರುವ ಸೀರೆಯಲ್ಲಿ ಒಂದು ಎಳೆ ಜಾರಿದರೆ ಯಾರಿಗೂ ಕಾಣದು, ಒಂದೇ ಬಣ್ಣದ ಸಾದಾ ರೇಷ್ಮೆಯಲ್ಲಿ ಆಚೆ ಬೀದಿಯಿಂದಲೂ ಕಾಣುತ್ತದೆ.

ಅದು ರಿಪೇರಿಯಲ್ಲಿ ಹೇಗೆ ಕಾಣುತ್ತದೆಂದು ನೋಡೋಣ. ಬಾಡಿಯೇ ಭಾರ ಹೊರುವುದರಿಂದ ಬಾಗಿಲ ಕೆಳಗಿನ ಹೊಸ್ತಿಲ ಪಟ್ಟಿ ಬರೀ ತಗಡಲ್ಲ, ಕಾರಿನ ಬೆನ್ನೆಲುಬು. ಅದು ತುಕ್ಕು ತಿಂದರೆ ಕಾರು ನಡುವಿನಲ್ಲಿ ಜಗ್ಗುತ್ತದೆ. ಆಗ ಎರಡು ಬಾಗಿಲುಗಳ ನಡುವಿನ ಸಂದು ಮೇಲ್ಗಡೆ ಕಿರಿದಾಗಿ ಕೆಳಗಡೆ ಅಗಲವಾಗುತ್ತದೆ. ಕೊಳ್ಳಲು ಹೋದವರು ಪೇಂಟ್ ನೋಡುವ ಮೊದಲು ಈ ಸಂದನ್ನು ನೋಡಬೇಕು. ಆಮೇಲೆ ಡಿಕ್ಕಿಯ ತಳ, ಹಿಂದಿನ ಗಾಜಿನ ಕೆಳ ಅಂಚು, ಹಿಂದಿನ ಚಕ್ರದ ಹಿಂದಿನ ಕೆಳಭಾಗ.

ಹೊಸ್ತಿಲು ಕತ್ತರಿಸುವ ಮೊದಲು ಬಾಗಿಲ ತೆರವುಗಳಿಗೆ ಅಡ್ಡಲಾಗಿ ಚೌಕ ಕೊಳವೆಗಳನ್ನು ಬೆಸುಗೆ ಹಾಕಿ. ಕಾರು ಸಮತಟ್ಟಾದ ಆಸರೆಯ ಮೇಲಿರಲಿ. ಪ್ರತಿ ತೆರವಿನ ಮೂಲೆಯಿಂದ ಮೂಲೆಗೆ ಅಳತೆ ತೆಗೆದು ಬರೆದಿಟ್ಟು, ಎಡಕ್ಕೂ ಬಲಕ್ಕೂ ಹೋಲಿಸಿ. ಒಮ್ಮೆಗೆ ಒಂದೇ ಬದಿ ಕತ್ತರಿಸಿ. ಎರಡೂ ಬದಿ ಒಟ್ಟಿಗೆ ಬಿಚ್ಚಿದ ಕನ್ವರ್ಟಿಬಲ್ ತನ್ನ ತೂಕಕ್ಕೇ ಬಾಗಿಬಿಡುತ್ತದೆ, ಬಾಗಿದ ಮೇಲೆ ಬೆಸೆದರೆ ಬಾಗಿದ ಹಾಗೇ ಗಟ್ಟಿಯಾಗುತ್ತದೆ.

ತಗಡುಗಳನ್ನು ಕೂರಿಸುವಾಗ ಹಿಂದಿನಿಂದ ಮುಂದಕ್ಕೆ ಬನ್ನಿ. ಹಿಂದಿನ ಪಕ್ಕೆ ಬಾಡಿಗೆ ಬೆಸೆದದ್ದು, ಅದನ್ನು ಸರಿಸಲಾಗದು. ಹಾಗಾಗಿ ಹಿಂದಿನ ಬಾಗಿಲನ್ನು ಮೊದಲು ಅದಕ್ಕೆ ಹೊಂದಿಸಿ. ಮೇಲಂಚು ಸೇರಿತೇ ಎಂಬುದು ಮೊದಲ ಪ್ರಶ್ನೆ, ಸಂದಿನ ಅಗಲ ಆಮೇಲಿನದು. ನಂತರ ಮುಂದಿನ ಬಾಗಿಲನ್ನು ಹಿಂದಿನದಕ್ಕೆ, ಮಡ್‌ಗಾರ್ಡನ್ನು ಮುಂದಿನ ಬಾಗಿಲಿಗೆ, ಕೊನೆಗೆ ಬಾನೆಟ್. ಮುಂದಿನಿಂದ ಶುರು ಮಾಡಿದರೆ ಉಳಿದ ತಪ್ಪೆಲ್ಲ ಹಿಂದಿನ ಪಕ್ಕೆಯ ಬಳಿ ಬಂದು ಗುಡ್ಡೆಯಾಗುತ್ತದೆ, ಅಲ್ಲಿ ಅದನ್ನು ಕರಗಿಸಲು ದಾರಿಯಿಲ್ಲ. ಹೊಸ ರಬ್ಬರ್ ಹಾಕುವ ಮೊದಲು ಒಮ್ಮೆ, ಹಾಕಿದ ಮೇಲೆ ಒಮ್ಮೆ ಹೊಂದಿಸಿ. ಹೊಸ ರಬ್ಬರ್ ಬಾಗಿಲನ್ನು ಹೊರಕ್ಕೆ ನೂಕುತ್ತದೆ. ಸಂದುಗಳು 5 ಮಿಲಿಮೀಟರ್ ಸುಮಾರಿಗೆ ಬಂದರೆ ಒಳ್ಳೆಯದು, ಎಲ್ಲ ಕಡೆ ಒಂದೇ ಸಮ ಇರುವುದು ಅದಕ್ಕಿಂತ ಮುಖ್ಯ. ಪರೀಕ್ಷೆಗೆ, ಹಿಂದಿನ ದೀಪದ ಬಳಿ ಕುಕ್ಕರುಗಾಲಿನಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಮೇಲಂಚಿನ ಉದ್ದಕ್ಕೂ ನೋಡಿ. ಎರಡು ಮಿಲಿಮೀಟರ್ ಹೆಚ್ಚುಕಮ್ಮಿಯೂ ಮೆಟ್ಟಿಲಿನಂತೆ ಕಾಣುತ್ತದೆ.

ಪುಟ್ಟಿಯನ್ನು ಮೂರು ಮಿಲಿಮೀಟರಿಗಿಂತ ದಪ್ಪ ಹಾಕುವ ಪ್ರಸಂಗ ಬಂದರೆ ತಗಡಿನ ಕೆಲಸ ಇನ್ನೂ ಮುಗಿದಿಲ್ಲ ಎಂದರ್ಥ. ಉಜ್ಜಲು ಅಂಗೈಯಗಲದ ದಿಮ್ಮಿ ಸಾಲದು, ಒಂದೂವರೆ ಅಡಿ ಉದ್ದದ, ತುಸು ಬಳುಕುವ ಹಲಗೆ ಬೇಕು. ಕಪ್ಪು ಪುಡಿ ಬಣ್ಣವನ್ನು ತೆಳುವಾಗಿ ಊದಿ, ಓರೆಯಾಗಿ ಒಮ್ಮೆ ಈ ಕಡೆ ಒಮ್ಮೆ ಆ ಕಡೆ ಉಜ್ಜಿ. ಕಪ್ಪು ಉಳಿದ ಜಾಗ ತಗ್ಗು, ಬೇಗ ಹೋದ ಜಾಗ ಉಬ್ಬು. ಬಾಗಿಲುಗಳನ್ನು ಕಾರಿಗೇ ಜೋಡಿಸಿಟ್ಟು, ನಾಲ್ಕೂ ತಗಡುಗಳನ್ನು ಒಂದೇ ಮೇಲ್ಮೈ ಎಂದು ತಿಳಿದು ಉದ್ದಕ್ಕೆ ಉಜ್ಜಬೇಕು. ಬಿಡಿಬಿಡಿಯಾಗಿ ಉಜ್ಜಿದರೆ ಒಂದೊಂದು ತಗಡೂ ಚೆನ್ನಾಗಿರುತ್ತದೆ, ಸೇರಿಸಿದಾಗ ಅಲೆ ಏಳುತ್ತದೆ. ಆಗಲೇ ಹೇಳಿದ ಆ ಸಣ್ಣ ಉಬ್ಬನ್ನು ಗಟ್ಟಿ ಹಲಗೆಯಿಂದ ಉಜ್ಜಿ ಸಪಾಟು ಮಾಡಿಬಿಡುವ ತಪ್ಪೂ ನಡೆಯುತ್ತದೆ. ಆಗ ಬಾಗಿಲು ಹೊಟ್ಟೆ ಒಳಕ್ಕೆ ಎಳೆದುಕೊಂಡಂತೆ ಕಾಣುತ್ತದೆ. ಕಪ್ಪು ಬಣ್ಣ ಹಚ್ಚುವ ಆಸೆ ಎಲ್ಲರಿಗೂ. ಈ ಪಕ್ಕೆಯ ಮೇಲೆ ಕಪ್ಪಿನಷ್ಟು ನಿರ್ದಯಿ ಬಣ್ಣ ಇನ್ನೊಂದಿಲ್ಲ.

1961ರಲ್ಲಿ 25,164 ಕಾರುಗಳು ತಯಾರಾದವು, ಅದರಲ್ಲಿ ಕನ್ವರ್ಟಿಬಲ್ 2,857. ಅಮೆರಿಕದ ಕೈಗಾರಿಕಾ ವಿನ್ಯಾಸಕಾರರ ಸಂಸ್ಥೆ ಎಂಗೆಲ್ ಸೇರಿ ಫೋರ್ಡ್‌ನ ಏಳು ವಿನ್ಯಾಸಕಾರರಿಗೆ ಕಂಚಿನ ಪದಕ ಕೊಟ್ಟಿತು. ಪ್ರತಿವರ್ಷ ರೂಪ ಬದಲಿಸುವ ಚಾಳಿಯನ್ನು ಲಿಂಕನ್ ಬಿಟ್ಟಿತು, ಸಣ್ಣ ತಿದ್ದುಪಡಿಗಳಲ್ಲೇ ಮುಂದುವರಿಯಿತು. 1962ರಲ್ಲಿ ಮುಂದಿನ ಗ್ರಿಲ್ ಇನ್ನಷ್ಟು ಸರಳವಾಯಿತು. 1964ರಲ್ಲಿ ಚಕ್ರಗಳ ಅಂತರವನ್ನು 126 ಇಂಚಿಗೆ ಏರಿಸಿ ಹಿಂದೆ ಕೂರುವವರಿಗೆ ಕಾಲು ಚಾಚಲು ಜಾಗ ಕೊಟ್ಟರು, ಅದೇ ವರ್ಷ ಬಾಗಿದ ಪಕ್ಕದ ಗಾಜಿನ ಬದಲು ಚಪ್ಪಟೆ ಗಾಜು ಹಾಕಿದರು. ಮೊದಲನೆಯದು ಬೇಕಾಗಿದ್ದ ಬದಲಾವಣೆ. ಎರಡನೆಯದರಿಂದ ಭುಜದ ಮೇಲಿನ ಬೆಳಕು ಕಿರಿದಾಯಿತು, ಕಾರು ತುಸು ಪೆಟ್ಟಿಗೆಯಂತಾಯಿತು. 1965ರಲ್ಲಿ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂದವು, ಇಷ್ಟು ಭಾರದ ಕಾರಿಗೆ ಅದು ಆರಂಭದಲ್ಲೇ ಇರಬೇಕಿತ್ತು. 1966ರಲ್ಲಿ ಹೊಸ ಬಾಡಿ, 462 ಘನ ಇಂಚಿನ ಎಂಜಿನ್, ಎರಡು ಬಾಗಿಲಿನ ಕೂಪೆ. 1967ರ ನಂತರ ಕನ್ವರ್ಟಿಬಲ್ ನಿಂತಿತು, 1969ರೊಂದಿಗೆ ಆ ಬಾಗಿಲುಗಳೂ.

ಎಂಗೆಲ್ ಅವರು 1961ರಲ್ಲೇ ಎದುರಾಳಿ ಕಂಪನಿ ಕ್ರೈಸ್ಲರ್ ಸೇರಿದರು. ಅವರ ಕೈಯಲ್ಲಿ ರೂಪುಗೊಂಡ 1964ರ ಇಂಪೀರಿಯಲ್ ಪಕ್ಕದಲ್ಲಿ ಲಿಂಕನ್ ನಿಲ್ಲಿಸಿದರೆ ಒಂದೇ ಮನೆಯವರೆಂದು ಯಾರಾದರೂ ಹೇಳುತ್ತಾರೆ.

ಮಾತು ಮುಗಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಎರಡನ್ನು ಇಲ್ಲಿ ಸೇರಿಸಿದೆ.

ಪ್ರಶ್ನೆ: ಅಧ್ಯಕ್ಷ ಕೆನಡಿಯವರ ಕಾರು ಇದೇ ತಾನೇ? ಅದೂ ಇದೇ ಅಳತೆಯದೇ?

ಇದೇ, ಆದರೆ ಅಳತೆ ಬೇರೆ. 1961ರ ಕನ್ವರ್ಟಿಬಲ್ ಒಂದನ್ನು ಒಹಾಯೊ ರಾಜ್ಯದ ಸಿನ್ಸಿನಾಟಿಯಲ್ಲಿದ್ದ ಹೆಸ್ ಅಂಡ್ ಐಸನ್‌ಹಾರ್ಟ್ ಕಂಪನಿಯವರು ನಡುವಿನಲ್ಲಿ ಕತ್ತರಿಸಿ ಮೂರೂವರೆ ಅಡಿಯಷ್ಟು ಉದ್ದ ಮಾಡಿದರು. ಏರಿಸಿ ಇಳಿಸುವ ಹಿಂದಿನ ಸೀಟು, ಬಿಚ್ಚಿ ಜೋಡಿಸುವ ಛಾವಣಿಯ ತುಂಡುಗಳು ಸೇರಿದವು. ಫೋರ್ಡ್ ಅದನ್ನು ವರ್ಷಕ್ಕೆ 500 ಡಾಲರ್ ಬಾಡಿಗೆಗೆ ಸರ್ಕಾರಕ್ಕೆ ಕೊಟ್ಟಿತ್ತು. 1963ರ ನವೆಂಬರ್ 22ರ ಹತ್ಯೆಯ ನಂತರ ಗುಂಡು ನಿರೋಧಕ ಕವಚ, ಕಾಯಂ ಛಾವಣಿ ಹಾಕಿ, 1977ರವರೆಗೆ ಬಳಸಿದರು. ಈಗ ಅದು ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಮ್ಯೂಸಿಯಂನಲ್ಲಿದೆ. ಡೆಟ್ರಾಯಿಟ್ ಸುತ್ತಮುತ್ತ ಇರುವ ಕನ್ನಡಿಗರಿಗೆ ಅದು ಹತ್ತಿರದ ದಾರಿ. ನೋಡಲು ಹೋದರೆ ಹಿಂದಿನ ಬಾಗಿಲಿಗೆ ಮುಂದೆ ಇರುವ ಜಾಗವನ್ನು ಗಮನಿಸಿ. ಉದ್ದ ಸೇರಿಸಿದ್ದು ಅಲ್ಲಿ. ಅಷ್ಟು ಹಿಗ್ಗಿಸಿದರೂ ಮೇಲಂಚು ಹಾಗೇ ಹರಿದುಹೋಗಿದೆ.

ಪ್ರಶ್ನೆ: ಈಗ ಕೊಳ್ಳುವವರಿಗೆ ಯಾವ ವರ್ಷದ್ದು ಒಳ್ಳೆಯದು?

ರೂಪವೇ ಮುಖ್ಯ ಎನ್ನುವವರು 1961ರಿಂದ 1963ರ ನಡುವಿನ ಸೆಡಾನ್ ಹುಡುಕಲಿ. ಅದರಲ್ಲೂ 1963ರದ್ದಕ್ಕೆ ಜನರೇಟರ್ ಬದಲು ಆಲ್ಟರ್ನೇಟರ್ ಬಂದಿತ್ತು. ಆದರೆ ಬಾಗಿದ ಪಕ್ಕದ ಗಾಜು ಒಡೆದಿದ್ದರೆ, ಗಾಜು ಸಿಕ್ಕಿದ ಮೇಲೆಯೇ ಮುಂಗಡ ಕೊಡಿ. ಓಡಿಸುವುದೇ ಮುಖ್ಯ ಎನ್ನುವವರಿಗೆ 1965ರದ್ದು, ಬ್ರೇಕಿನ ಕಾರಣಕ್ಕೆ. ಕನ್ವರ್ಟಿಬಲ್ ಬೇಕೆಂದರೆ, ಮಾತುಕತೆಗೆ ಮೊದಲು ಛಾವಣಿಯನ್ನು ಎರಡು ಸಲ ಪೂರ್ತಿ ಇಳಿಸಿ ಏರಿಸಿ ತೋರಿಸಲು ಹೇಳಿ. ಒಮ್ಮೆ ಕಾರು ತಣ್ಣಗಿರುವಾಗ, ಇನ್ನೊಮ್ಮೆ ಅರ್ಧ ಗಂಟೆ ಓಡಿಸಿ ಬಂದ ಮೇಲೆ. ಸೊರಗಿದ ರಿಲೇ, ಸೋರುವ ಸೀಲು ಬೆಚ್ಚಗಾದ ಮೇಲೆಯೇ ಬಾಯಿಬಿಡುತ್ತವೆ. ಮಾರುವವರು ಬೇಡ ಎಂದರೆ ಛಾವಣಿ ಕೆಟ್ಟಿದೆ ಎಂದೇ ತಿಳಿದು ಬೆಲೆ ಕಟ್ಟಿ.